ಯಂತ್ರದ ಹೆಸರು ಬಿಗಿಯಿರಲಿ, ಮನುಷ್ಯರ ಹೆಸರು ಪೂರ್ತಿಯಿರಲಿ

ಹಿರಿಯೂರು ತಾಲ್ಲೂಕಿನ ಬಬ್ಬೂರಿನ ಹೆಸರನ್ನು ಕನ್ನಡದಲ್ಲಿ ಬರೆಯುವಾಗ ಯಾರಿಗೂ ಅನುಮಾನ ಬರುವುದಿಲ್ಲ. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಹೊರಟರೆ ತಕರಾರು ಶುರುವಾಗುತ್ತದೆ. ನಡುವಿನ ದೀರ್ಘಕ್ಕೆ ಒಂದು ‘ಯು’ ಸಾಕೋ, ಎರಡು ‘ಓ’ ಬೇಕೋ? ಕೊನೆಯ ‘ರು’ ಮುಗಿಯಲು ಇನ್ನೊಂದು ‘ಯು’ ಹಚ್ಚಬೇಕೋ, ‘ಆರ್’ಗೇ ನಿಲ್ಲಿಸಬೇಕೋ? ಇಷ್ಟರಲ್ಲೇ ಒಂದು ಊರಿಗೆ ನಾಲ್ಕು ಬರಹಗಳಾದವು. ಗ್ರಾಮ ಪಂಚಾಯಿತಿಯಲ್ಲಾಗಲಿ, ಸಹಕಾರ ಸಂಘದಲ್ಲಾಗಲಿ, ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಾಗಲಿ ಕಂಪ್ಯೂಟರಿನ ಮುಂದೆ ಕೂತವರನ್ನು ಅದು ಮೊದಲು ಕೇಳುವುದು ಬಳಕೆದಾರ ಹೆಸರನ್ನು, ಅಂದರೆ ಯೂಸರ್‌ನೇಮನ್ನು. ಬಹುತೇಕ ಕಡೆ ಅಲ್ಲಿ ಕನ್ನಡ ಅಕ್ಷರ ನಡೆಯುವುದಿಲ್ಲ. ಕನ್ನಡ ನಾಡಿನ ಕಚೇರಿಯ ಯಂತ್ರ ಕನ್ನಡದ ಹೆಸರನ್ನು ಏಕೆ ಒಪ್ಪಬಾರದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಸಿಗಬೇಕಾದ ಉತ್ತರ ನಾವು ಸಾಮಾನ್ಯವಾಗಿ ಬಯಸುವ ಉತ್ತರವಲ್ಲ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಒಳಗಿನ ಬಳಕೆದಾರ ಹೆಸರಿನಲ್ಲಿ ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಅಂಡರ್‌ಸ್ಕೋರ್ ಮತ್ತು ಹೈಫನ್ ಇಷ್ಟೇ ಇರಬೇಕು, ಮೊದಲು ಬರುವುದು ಅಕ್ಷರವೇ ಆಗಿರಬೇಕು ಎಂಬುದು ನನ್ನ ವಾದ. ಹಾಗೆಯೇ, ಆ ಬಿಗಿ ನಿಯಮ ಆ ಒಂದು ಖಾನೆಯಿಂದ ಆಚೆ ಕಾಲಿಡಬಾರದು. ಜನರ ಕಣ್ಣಿಗೆ ಬೀಳುವ ಹೆಸರು ಪೂರ್ತಿ ಕನ್ನಡದಲ್ಲಿ ಇರಬೇಕು. ಕನ್ನಡಕ್ಕಾಗಿ ಹಠ ಹಿಡಿಯಬೇಕಾದ ಜಾಗ ಅದು.

ಇದು ಎಂಜಿನಿಯರುಗಳ ತಲೆನೋವು, ನಮಗೇಕೆ ಎನ್ನುವಂತಿಲ್ಲ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಕಟ್ಟಲು ತೊಡಗಿದ ಯುನಿಕ್ಸ್‌ನ ವಂಶವೇ ಇಂದು ಜಗತ್ತಿನ ಸರ್ವರುಗಳ ದೊಡ್ಡ ಪಾಲನ್ನು ನಡೆಸುತ್ತಿದೆ. ಅದೇ ಮಾದರಿಯ ಲಿನಕ್ಸ್‌ನ ತಿರುಳು ಪ್ರತಿಯೊಂದು ಆಂಡ್ರಾಯ್ಡ್ ಮೊಬೈಲಿನಲ್ಲೂ ಇದೆ. ಮೊಬೈಲಿಗೆ ಹಾಕಿಕೊಳ್ಳುವ ಪ್ರತಿ ಆ್ಯಪನ್ನೂ ಅದು ಒಳಗೊಳಗೇ ಬೇರೆ ಬೇರೆ ಬಳಕೆದಾರನಂತೆ ಲೆಕ್ಕ ಹಾಕಿ, ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಸಿಗದಂತೆ ತಡೆಯುತ್ತದೆ. ಈ ವ್ಯವಸ್ಥೆಯಲ್ಲಿ ಬಳಕೆದಾರರ ಪಟ್ಟಿ ಇರುವುದು ಒಂದು ಸರಳ ಪಠ್ಯ ಕಡತದಲ್ಲಿ. ಒಬ್ಬರಿಗೆ ಒಂದು ಸಾಲು, ಸಾಲಿನಲ್ಲಿ ಏಳು ಖಾನೆ, ಖಾನೆಗಳ ನಡುವೆ ಕೋಲನ್ ಚಿಹ್ನೆ. ಮೊದಲ ಖಾನೆ ಬಳಕೆದಾರ ಹೆಸರು, ಮೂರನೆಯದು ಒಂದು ಸಂಖ್ಯೆ. ವ್ಯವಸ್ಥೆ ನಿಜವಾಗಿ ಗುರುತು ಹಿಡಿಯುವುದು ಆ ಸಂಖ್ಯೆಯನ್ನೇ. ಕಡತದ ಒಡೆತನ ಯಾರದೆಂದು ಡಿಸ್ಕಿನಲ್ಲಿ ಬರೆದಿಡುವುದೂ ಆ ಸಂಖ್ಯೆಯನ್ನೇ. ಹೆಸರು ಆ ಸಂಖ್ಯೆಗೆ ಅಂಟಿಸಿದ ಚೀಟಿ ಮಾತ್ರ. ಹೆಸರಿನೊಳಗೆ ಕೋಲನ್ ಬಂದರೆ ಖಾನೆಗಳೇ ಕಲಸಿಹೋಗುತ್ತವೆ. ಹೊಸ ಸಾಲಿನ ಗುರುತು ಬಂದರೆ ಒಬ್ಬನ ಹೆಸರಿನಲ್ಲಿ ಇಬ್ಬರು ಹುಟ್ಟುತ್ತಾರೆ. ಬಳಕೆದಾರನ ಸ್ವಂತ ಫೋಲ್ಡರಿಗೂ ಸಾಮಾನ್ಯವಾಗಿ ಇದೇ ಹೆಸರು ಇಡುವುದರಿಂದ, ಫೋಲ್ಡರುಗಳನ್ನು ಬೇರ್ಪಡಿಸುವ ಸ್ಲ್ಯಾಶ್ ಗುರುತಿಗೂ ಇಲ್ಲಿ ಜಾಗವಿಲ್ಲ.

ಉಳಿದ ನಿಷೇಧಗಳಿಗೂ ಇಂಥದೇ ಕಾರಣಗಳಿವೆ. ಹೈಫನ್‌ನಿಂದ ಶುರುವಾಗುವ ಪದವನ್ನು ಯುನಿಕ್ಸ್‌ನ ಆದೇಶಗಳು ಹೆಸರೆಂದು ಓದದೆ, ತಮಗೆ ಕೊಟ್ಟ ಸೂಚನೆ ಎಂದು ಓದುತ್ತವೆ. ಹೆಸರು ಬರೀ ಅಂಕಿಗಳಾಗಿದ್ದರೆ ಅದು ಹೆಸರೋ, ಮೂರನೆಯ ಖಾನೆಯ ಸಂಖ್ಯೆಯೋ ತಿಳಿಯುವುದಿಲ್ಲ. ನಡುವೆ ಖಾಲಿ ಜಾಗ ಬಂದರೆ ಒಂದು ಹೆಸರು ಎರಡು ಪದಗಳಾಗಿ ಒಡೆಯುತ್ತದೆ. ಸಾಲಿನ ಆರಂಭದ ಪ್ಲಸ್ ಚಿಹ್ನೆಗೆ, ಹಲವು ಯಂತ್ರಗಳು ಬಳಕೆದಾರರ ಪಟ್ಟಿಯನ್ನು ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ, ಬೇರೊಂದು ಪಟ್ಟಿಯನ್ನು ಇಲ್ಲಿಗೆ ಸೇರಿಸು ಎಂಬ ಅರ್ಥವಿತ್ತು. ದೊಡ್ಡಕ್ಷರಗಳದು ಇನ್ನೊಂದು ಕಥೆ. ಲಾಗಿನ್ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಒತ್ತಿದರೆ, ಈತನ ಟರ್ಮಿನಲ್ಲಿಗೆ ಸಣ್ಣಕ್ಷರವೇ ಬರುವುದಿಲ್ಲವೆಂದು ಹಳೆಯ ಯುನಿಕ್ಸ್ ತೀರ್ಮಾನಿಸಿ, ಆಮೇಲೆ ಒತ್ತಿದ್ದನ್ನೆಲ್ಲ ಸಣ್ಣಕ್ಷರಕ್ಕೆ ತಿರುಗಿಸುತ್ತಿತ್ತು. ಚುಕ್ಕಿಯ ವಿಷಯದಲ್ಲಿ ಮಾತ್ರ ಪಂಡಿತರಲ್ಲೇ ಒಮ್ಮತವಿಲ್ಲ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆ ಸಾಮಾನ್ಯ ನಿಯಮ ಹೇಳುವ ಪೋಸಿಕ್ಸ್ ಮಾನದಂಡ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚುಕ್ಕಿ, ಅಂಡರ್‌ಸ್ಕೋರ್, ಹೈಫನ್‌ಗಳನ್ನು ಒಪ್ಪುತ್ತದೆ. ಹೈಫನ್ ಮಾತ್ರ ಮೊದಲು ಬರಬಾರದೆನ್ನುತ್ತದೆ. ಆದರೆ ಕಡತದ ಒಡೆತನ ಬದಲಿಸುವ ಆದೇಶದಲ್ಲಿ ಬಳಕೆದಾರನನ್ನೂ ಗುಂಪನ್ನೂ ಬೇರ್ಪಡಿಸಲು ಹಿಂದೆ ಚುಕ್ಕಿಯನ್ನೇ ಬಳಸುತ್ತಿದ್ದರು. ಆ ರೂಢಿಯ ಅವಶೇಷ ಹಳೆಯ ಸ್ಕ್ರಿಪ್ಟುಗಳಲ್ಲಿ ಉಳಿದಿರುವ ತನಕ ಚುಕ್ಕಿಯನ್ನು ಹೊರಗಿಡುವುದೇ ಕ್ಷೇಮ.

ಇವೆಲ್ಲ ಮುದಿ ಯಂತ್ರಗಳ ಚಾಳಿಗಳು, ಈಗಿನ ತಂತ್ರಾಂಶ ಸರಿಯಾಗಿ ಬರೆದಿದ್ದರೆ ಯಾವ ಅಕ್ಷರವಾದರೂ ನಡೆಯಬೇಕು ಎಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ತತ್ವ ಸರಿಯಿದೆ. ಆದರೆ 2017ರ ಒಂದು ಪ್ರಕರಣ ಆ ತತ್ವದ ಬೆಲೆ ಎಷ್ಟೆಂದು ತೋರಿಸಿತು. ಲಿನಕ್ಸ್‌ನ ಬಹುತೇಕ ವಿತರಣೆಗಳಲ್ಲಿ ಹಿನ್ನೆಲೆಯ ಸೇವೆಗಳನ್ನು ನಡೆಸುವುದು ಸಿಸ್ಟಂಡಿ ಎಂಬ ತಂತ್ರಾಂಶ. ಯಾವ ಸೇವೆ ಯಾವ ಬಳಕೆದಾರನ ಹೆಸರಿನಲ್ಲಿ ನಡೆಯಬೇಕೆಂದು ಅದಕ್ಕೆ ಬರೆದುಕೊಡಬೇಕು. ಸೊನ್ನೆಯಿಂದ ಶುರುವಾಗುವ ಒಂದು ಹೆಸರನ್ನು ಬರೆದುಕೊಟ್ಟಾಗ ಅದು ಇಂಥ ಹೆಸರು ಸಿಂಧುವಲ್ಲವೆಂದು ಎಚ್ಚರಿಕೆಯ ಸಾಲೊಂದನ್ನು ದಾಖಲಿಸಿ, ಆ ಸೂಚನೆಯನ್ನೇ ಬಿಟ್ಟುಬಿಟ್ಟು, ಸೇವೆಯನ್ನು ‘ರೂಟ್’ ಹೆಸರಿನಲ್ಲಿ ನಡೆಸಿತು. ರೂಟ್ ಎಂದರೆ ಯಂತ್ರದ ಸರ್ವಾಧಿಕಾರಿ. ಕಡಿಮೆ ಅಧಿಕಾರದಲ್ಲಿ ನಡೆಯಲಿ ಎಂದು ಕಟ್ಟಿಹಾಕಿದ ಸೇವೆಗೆ ಪೂರ್ಣಾಧಿಕಾರ ಸಿಕ್ಕಿತು. ಖಾತೆ ತೆರೆಯುವ ಕೆಲವು ಉಪಕರಣಗಳು ಅಂಥ ಹೆಸರನ್ನು ಒಪ್ಪುತ್ತಿದ್ದವು, ಸೇವೆ ನಡೆಸುವ ತಂತ್ರಾಂಶ ಒಪ್ಪುತ್ತಿರಲಿಲ್ಲ. ಭದ್ರತೆ ಸೋರಿದ್ದು ಆ ಎರಡರ ನಡುವಿನ ಬಿರುಕಿನಲ್ಲಿ. ದೋಷವನ್ನು ಆಮೇಲೆ ತಿದ್ದಲಾಯಿತು. ಅಂಕಿಯೊಂದು ಮೊದಲು ಬಂದದ್ದಕ್ಕೇ ಇಷ್ಟಾಯಿತು ಎಂಬುದನ್ನು ನೆನಪಿಡಬೇಕು. ಒಂದು ಅಕ್ಷರವನ್ನು ಹೆಸರಿನಲ್ಲಿ ಬಿಡಬಹುದೇ ಎಂದು ಕೇಳುವಾಗ ಯಾವುದೋ ಒಂದು ತಂತ್ರಾಂಶ ಒಪ್ಪುತ್ತದೆಯೇ ಎಂದು ನೋಡಿದರೆ ಸಾಲದು. ಆ ಹೆಸರು ಹಾದುಹೋಗುವ ನೂರಾರು ತಂತ್ರಾಂಶಗಳು, ಇಪ್ಪತ್ತು ವರ್ಷದ ಹಿಂದೆ ಯಾರೋ ಬರೆದಿಟ್ಟುಹೋದ ಸ್ಕ್ರಿಪ್ಟುಗಳು ಎಲ್ಲವೂ ಅದನ್ನು ಒಂದೇ ರೀತಿ ಓದುತ್ತವೆಯೇ ಎಂಬುದು ಪರೀಕ್ಷೆ.

ಈ ಪರೀಕ್ಷೆಗೆ ಕನ್ನಡ ಅಕ್ಷರಗಳನ್ನು ಒಡ್ಡಿ ನೋಡೋಣ. ಯಂತ್ರಗಳು ಇಂದು ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ವ್ಯಂಜನ, ಸ್ವರಚಿಹ್ನೆ, ವ್ಯಂಜನದ ಸ್ವರ ತೆಗೆಯುವ ವಿರಾಮ ಎಲ್ಲವೂ ಬೇರೆ ಬೇರೆ ಸಂಕೇತಗಳು. ‘ಬಬ್ಬೂರು’ ನಮ್ಮ ಕಣ್ಣಿಗೆ ಮೂರಕ್ಷರ, ಯಂತ್ರಕ್ಕೆ ಏಳು ಸಂಕೇತ, 21 ಬೈಟ್. ಚಿತ್ರದುರ್ಗ ಸೀಮೆಯಲ್ಲಿ ಮನೆಮನೆಗೂ ಸಿಗುವ ‘ತಿಪ್ಪೇಸ್ವಾಮಿ’ ಎಂಬ ಹೆಸರು 12 ಸಂಕೇತ, 36 ಬೈಟ್. ಯಾರು ಯಾವಾಗ ಲಾಗಿನ್ ಆದರೆಂದು ಬರೆದಿಡುವ ಲಿನಕ್ಸ್‌ನ ಹಳೆಯ ದಾಖಲೆ ಕಡತದಲ್ಲಿ ಹೆಸರಿಗೆಂದು ಮೀಸಲಿಟ್ಟ ಜಾಗ 32 ಬೈಟ್. ಅಲ್ಲಿಗೆ ಈ ಹೆಸರು ‘ತಿಪ್ಪೇಸ್ವಾ’ ಎಂಬಲ್ಲಿಗೆ ಬಂದು, ‘ಮಿ’ಯ ಮಕಾರವನ್ನು ನಡುವೆ ಕತ್ತರಿಸಿಕೊಂಡು ನಿಲ್ಲುತ್ತದೆ. ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿಯ ಪೂರ್ಣ ನಾಮವನ್ನು ಇಟ್ಟುಕೊಂಡವರಿಗಂತೂ 51 ಬೈಟ್ ಬೇಕು. ಜಾಗ ಹೆಚ್ಚಿಸಿದರಾಯಿತಲ್ಲ ಎನ್ನಬಹುದು, ಹೆಚ್ಚಿಸಲೂಬಹುದು. ಉದ್ದ ಇಲ್ಲಿ ಚಿಕ್ಕ ತೊಡಕು. ದೊಡ್ಡ ತೊಡಕು ಇರುವುದು ಒಂದೇ ಹೆಸರು ಎರಡು ರೀತಿ ಬರೆಯಲ್ಪಡುವುದರಲ್ಲಿ.

ಯುನಿಕೋಡ್‌ನಲ್ಲಿ ಕನ್ನಡದ ‘ಏ’ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ಎ’ಕಾರದ ಚಿಹ್ನೆಯ ಮುಂದೆ ದೀರ್ಘದ ಗುರುತನ್ನು ಬೇರೆಯಾಗಿ ಇಟ್ಟೂ ಬರೆಯಬಹುದು. ‘ಈ’, ‘ಐ’, ‘ಒ’, ‘ಓ’ಕಾರಗಳ ಚಿಹ್ನೆಗಳದ್ದೂ ಇದೇ ಸ್ಥಿತಿ. ಎರಡೂ ಒಂದೇ ಎಂದು ಯುನಿಕೋಡ್ ಸಾರಿದೆ, ಪರದೆಯ ಮೇಲೂ ಎರಡೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ಆಗಿ ಕಾಣುತ್ತವೆ. ಆದರೆ ಯುನಿಕ್ಸ್ ಅಕ್ಷರ ನೋಡುವುದಿಲ್ಲ, ಬೈಟ್ ನೋಡುತ್ತದೆ. ಒಂದು ತಿಪ್ಪೇಸ್ವಾಮಿಗೆ 36 ಬೈಟ್, ಇನ್ನೊಂದಕ್ಕೆ 39. ಅದರ ಲೆಕ್ಕದಲ್ಲಿ ಇವರಿಬ್ಬರೂ ಬೇರೆ ಬೇರೆ ಜನ. ಇದು ಕಾಗದದ ಮೇಲಿನ ಭಯವಲ್ಲ. ಆ್ಯಪಲ್ ತನ್ನ ಹಳೆಯ ಕಡತ ವ್ಯವಸ್ಥೆಯಲ್ಲಿ ಹೆಸರುಗಳನ್ನು ಹೀಗೆ ಬಿಡಿಸಿದ ರೂಪದಲ್ಲೇ ಇಡುತ್ತಿತ್ತು, ಉಳಿದ ಯಂತ್ರಗಳಲ್ಲಿ ಕೂಡಿಸಿದ ರೂಪವೇ ಹೆಚ್ಚು. ಒಂದು ಯಂತ್ರದ ಹೆಸರು ಇನ್ನೊಂದು ಯಂತ್ರಕ್ಕೆ ಹೋದಾಗ ಕಣ್ಣಿಗೆ ಕಾಣದಂತೆ ಬದಲಾಗುವುದು ಹೀಗೆ. ಹಾಜರಿಯ ದಾಖಲೆಯಲ್ಲೋ, ಹಣ ಮಂಜೂರು ಮಾಡಿದವರ ಪಟ್ಟಿಯಲ್ಲೋ ಒಂದೇ ಹೆಸರಿನ ಎರಡು ಖಾತೆಗಳು ಕಾಣಿಸಿದರೆ, ಯಾವ ಸಹಿ ಯಾರದೆಂದು ಲೆಕ್ಕಪರಿಶೋಧಕರು ಕಣ್ಣಳತೆಯಿಂದ ಹೇಳಲಾರರು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಕಾಣದ ಅಕ್ಷರಗಳದ್ದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ಒತ್ತಕ್ಷರವಾಗಿ ಬೆಸೆಯದಂತೆ ನಡುವೆ ಒಂದು ಅಗೋಚರ ಸಂಕೇತ ಕೂರುತ್ತದೆ. ಅದನ್ನು ತೆಗೆದರೆ ‘ರಾಜ್ಕುಮಾರ್’ ಆಗುತ್ತದೆ. ಕನ್ನಡದ ಬರಹಕ್ಕೆ ಅದು ಅನಿವಾರ್ಯ, ಆದರೆ ಕೀಲಿಮಣೆಯಲ್ಲಿ ಅದನ್ನು ಒತ್ತಿದ್ದೇವೋ ಇಲ್ಲವೋ ಎಂದು ಲಾಗಿನ್ ಪೆಟ್ಟಿಗೆ ನೋಡಿ ಹೇಳುವುದು ಎಲ್ಲ ಸಂದರ್ಭದಲ್ಲೂ ಸಾಧ್ಯವಿಲ್ಲ. ಅಂತರ್ಜಾಲದ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ ಜಗತ್ತಿನ ಎಲ್ಲ ಲಿಪಿಗಳ ಬಳಕೆದಾರ ಹೆಸರುಗಳಿಗಾಗಿ ಎಚ್ಚರದಿಂದಲೇ ನಿಯಮ ಬರೆದು, 2017ರಲ್ಲಿ ಅದರ ಪರಿಷ್ಕೃತ ರೂಪವನ್ನು ಹೊರತಂದಿತು. ಬೇರ್ಪಡಿಸುವ ಸಂಕೇತದಂತೆಯೇ ಅಕ್ಷರಗಳನ್ನು ಜೋಡಿಸುವ ಇನ್ನೊಂದು ಕಾಣದ ಸಂಕೇತವೂ ಇದೆ; ಆ ನಿಯಮದ ಪ್ರಕಾರ ಅದಕ್ಕೆ ವಿರಾಮದ ಬೆನ್ನಿಗೆ ಮಾತ್ರ ಅವಕಾಶ. ಹೆಚ್ಚಿನ ಭಾರತೀಯ ಲಿಪಿಗಳಿಗೆ ಆ ನಿಯಮ ಹೊಂದುತ್ತದೆ. ಕನ್ನಡಕ್ಕೆ ಪೂರ್ತಿ ಹೊಂದುವುದಿಲ್ಲ. ‘ರ‍್ಯಾಂಕ್’ ಎಂಬಲ್ಲಿ ರಕಾರ ಅರ್ಕಾವತ್ತಾಗದೆ ಪೂರ್ಣರೂಪದಲ್ಲಿ ಉಳಿಯಬೇಕಾದರೆ ಯುನಿಕೋಡ್ ಹೇಳುವ ಕ್ರಮದಲ್ಲಿ ಆ ಸಂಕೇತ ವಿರಾಮಕ್ಕಿಂತ ಮೊದಲು ಬರಬೇಕು. ಒಂದು ಮಾನದಂಡ ಸರಿ ಎಂದು ಕಲಿಸುವ ಕಾಗುಣಿತವನ್ನು ಇನ್ನೊಂದು ಮಾನದಂಡ ತಿರಸ್ಕರಿಸುತ್ತದೆ. ತಜ್ಞರು ವರ್ಷಗಟ್ಟಲೆ ಕೂತು ಬರೆದ ನಿಯಮದಲ್ಲೇ ಕನ್ನಡದ ಒಂದು ಕಾಗುಣಿತ ಹೊರಗುಳಿಯಿತೆಂದರೆ, ಅಡ್ಡಾದಿಡ್ಡಿ ಬೆಳೆದಿರುವ ಯುನಿಕ್ಸ್ ಉಪಕರಣಗಳು ಅದನ್ನು ಸರಿಯಾಗಿ ನಿಭಾಯಿಸುತ್ತವೆಂದು ನಂಬಿ ಕೂರುವುದು ಸಾಹಸವೇ ಸರಿ.

ಹೋಲಿಕೆಯ ಮೋಸವೂ ಇದೆ. ಆಂಧ್ರದ ಗಡಿಗೆ ತಾಗಿಕೊಂಡಿರುವ ಚಿತ್ರದುರ್ಗ ಜಿಲ್ಲೆಯವರಿಗೆ ಕನ್ನಡ ಮತ್ತು ತೆಲುಗು ಲಿಪಿಗಳ ನಂಟನ್ನು ಬಿಡಿಸಿ ಹೇಳಬೇಕಿಲ್ಲ. ಎರಡರ ಅನುಸ್ವಾರ, ವಿಸರ್ಗ, ‘ಅ’, ‘ಒ’, ‘ರ’, ‘ಲ’ ಮುಂತಾದವು ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಕನ್ನಡದ ಸೊನ್ನೆ ಅಂಕಿ, ಕನ್ನಡದ ಅನುಸ್ವಾರ, ತೆಲುಗಿನ ಅನುಸ್ವಾರ, ಇಂಗ್ಲಿಷಿನ ಸಣ್ಣ ‘ಓ’ ಈ ನಾಲ್ಕನ್ನು ಸಾಲಾಗಿ ಇಟ್ಟು ಗುರುತಿಸಿ ಎಂದರೆ ಅಕ್ಷರಸ್ಥರೂ ತಡವರಿಸುತ್ತಾರೆ. ಇಂಥ ಹೋಲಿಕೆಗಳನ್ನು ತಡೆಯಲು ಹೆಸರುಗಳನ್ನು ಒಂದೇ ರೂಪಕ್ಕೆ ತರುವ ಲೆಕ್ಕಾಚಾರ ಬೇಕು. ಆ ಲೆಕ್ಕಾಚಾರ ಒಂದಿಷ್ಟು ತಪ್ಪಿದರೂ ಬಾಗಿಲು ತೆರೆದುಕೊಳ್ಳುತ್ತದೆ. 2013ರಲ್ಲಿ ಸಂಗೀತ ಸೇವೆ ಸ್ಪಾಟಿಫೈ ತನ್ನದೇ ಅಂಥ ಅನುಭವವನ್ನು ಬಹಿರಂಗವಾಗಿ ಬರೆಯಿತು. ಮೇಲಕ್ಕೆತ್ತಿ ಬರೆಯುವ ವಿಶೇಷ ಅಕ್ಷರಗಳಲ್ಲಿ ಇನ್ನೊಬ್ಬರ ಬಳಕೆದಾರ ಹೆಸರನ್ನೇ ಹೋಲುವ ಖಾತೆ ತೆರೆದವರು, ಪಾಸ್‌ವರ್ಡ್ ಮರೆತೆ ಎಂದು ಕೇಳಿ, ನಿಜವಾದ ಖಾತೆದಾರರ ಖಾತೆಯೊಳಗೇ ನುಗ್ಗಬಹುದಾಗಿತ್ತು. ಹೆಸರನ್ನು ಒಮ್ಮೆ ಶುದ್ಧ ಮಾಡಿದಾಗ ಒಂದು ರೂಪ, ಎರಡನೆಯ ಸಲ ಮಾಡಿದಾಗ ಇನ್ನೊಂದು ರೂಪ ಬರುತ್ತಿದ್ದುದೇ ಕಾರಣ. ಹಾಡು ಕೇಳುವ ಖಾತೆಗೇ ಇಷ್ಟು ಅಪಾಯವಿದ್ದರೆ, ಖಜಾನೆಯ ಸರ್ವರಿನ ಖಾತೆಯ ವಿಷಯದಲ್ಲಿ ಎಷ್ಟು ಎಚ್ಚರವಿರಬೇಕು?

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಬರುತ್ತದೆ. ಅಂತರ್ಜಾಲದ ವಿಳಾಸಗಳಿಗೆ ಕನ್ನಡ ಬಂದಿದೆ. ‘.ಭಾರತ’ ಎಂಬ ಕನ್ನಡದ ಮೇಲ್ಮಟ್ಟದ ಡೊಮೇನ್ ಇದೆ. ಇಮೇಲ್ ವಿಳಾಸದಲ್ಲಿ ಯಾವ ಲಿಪಿಯಾದರೂ ಇರಬಹುದೆಂಬ ಮಾನದಂಡ 2012ರಲ್ಲೇ ಹೊರಬಂದಿದೆ, 2017ರಲ್ಲಿ ರಾಜಸ್ಥಾನ ಸರ್ಕಾರ ಹಿಂದಿಯಲ್ಲೇ ಇಮೇಲ್ ವಿಳಾಸ ಕೊಡತೊಡಗಿತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಕನ್ನಡದಲ್ಲೇ ಬಳಕೆದಾರ ಹೆಸರು ಇಟ್ಟುಕೊಳ್ಳಬಹುದು. ಅಲ್ಲೆಲ್ಲ ಆಗುವುದು ಇಲ್ಲೇಕೆ ಆಗದು? ಆ ವ್ಯವಸ್ಥೆಗಳ ಒಳಗೆ ಇಣುಕಿದರೆ ಉತ್ತರ ಸಿಗುತ್ತದೆ. ಕನ್ನಡದ ಡೊಮೇನ್ ಹೆಸರು ಹೆಸರುಗಳನ್ನು ಹುಡುಕಿಕೊಡುವ ಸರ್ವರಿಗೆ ಹೋಗುವಾಗ ಪ್ಯೂನಿಕೋಡ್ ಎಂಬ ಕ್ರಮದಲ್ಲಿ ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್‌ಗಳ ಸಾಲಾಗಿ ಮಾರ್ಪಡುತ್ತದೆ. ಯಾವ ಕನ್ನಡ ಅಕ್ಷರಕ್ಕೆ ಯಾವ ತೆಲುಗು ಅಕ್ಷರ ಜೋಡಿ, ಒಂದನ್ನು ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಂದನ್ನು ಹೇಗೆ ತಡೆಯಬೇಕು ಎಂದು ತೀರ್ಮಾನಿಸಲು ಡೊಮೇನ್ ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆಯಡಿ ಬ್ರಾಹ್ಮೀ ಮೂಲದ ಲಿಪಿಗಳಿಗೆಂದೇ ತಜ್ಞರ ಸಮಿತಿ ಕೂತು ಕೆಲಸ ಮಾಡಿದೆ. ವಿಕಿಪೀಡಿಯದ ತಂತ್ರಾಂಶ ಹೆಸರನ್ನು ಮೊದಲು ಒಂದು ನಿಶ್ಚಿತ ರೂಪಕ್ಕೆ ತರುತ್ತದೆ, ಮೋಸದ ಹೋಲಿಕೆ ಇದೆಯೇ ಎಂದು ನೋಡುತ್ತದೆ, ಒಳಗೆ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಇಟ್ಟುಕೊಳ್ಳುತ್ತದೆ. ಅಂದರೆ ಈ ಉದಾಹರಣೆಗಳು ನನ್ನ ವಾದವನ್ನು ಮುರಿಯುವುದಿಲ್ಲ, ಎತ್ತಿಹಿಡಿಯುತ್ತವೆ. ಇಲ್ಲೆಲ್ಲ ಕನ್ನಡ ನೆಮ್ಮದಿಯಾಗಿ ಉಳಿದಿರುವುದು, ಅದನ್ನು ಮನುಷ್ಯರ ಕಡೆಯ ಪದರದಲ್ಲಿ ಇಟ್ಟು, ಯಂತ್ರದ ಕಡೆಯ ಪದರವನ್ನು ಬಡಕಲಾಗಿಯೇ ಬಿಟ್ಟದ್ದರಿಂದ.

ನಮ್ಮ ರಾಜ್ಯದಲ್ಲಿ ಈ ವಿವೇಕಕ್ಕೆ ಹಳೆಯ ಪೂರ್ವನಿದರ್ಶನವೇ ಇದೆ. ಹೊಲಕ್ಕೆ ಊರಲ್ಲಿ ಒಂದು ಹೆಸರಿರುತ್ತದೆ, ಪಹಣಿಯಲ್ಲಿ ಸರ್ವೆ ನಂಬರು ಮತ್ತು ಹಿಸ್ಸಾ ಇರುತ್ತವೆ. ಆಲದಮರದ ಹೊಲ, ಕಟ್ಟೆ ಕೆಳಗಿನ ಹೊಲ ಎಂಬ ಹೆಸರುಗಳು ಸರ್ವೆ ನಂಬರಿನ ಖಾನೆಯಲ್ಲಿ ಇಲ್ಲವೆಂದು ಯಾರೂ ಅವಮಾನಪಟ್ಟುಕೊಂಡಿಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗಲೂ ಇದೇ ಕ್ರಮ ಉಳಿಯಿತು. ಜಮೀನನ್ನು ಗುರುತಿಸುವುದು ಸಂಖ್ಯೆ, ಖಾತೆದಾರರ ಹೆಸರು ಅಚ್ಚಾಗುವುದು ಕನ್ನಡದಲ್ಲಿ. ತಾಲ್ಲೂಕು ಕಚೇರಿಯ ಸಿಬ್ಬಂದಿ ಆ ವ್ಯವಸ್ಥೆಯೊಳಗೆ ಹೋಗಲು ಬೆರಳಚ್ಚನ್ನು ಕೊಡಬೇಕಾಗಿತ್ತು. ಇತ್ತೀಚೆಗೆ ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಪ್ರತಿ ರೈತರಿಗೂ ಒಂದು ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಕೊಡುವುದೂ ಇದೇ ತರ್ಕದಿಂದ. ಅದರಲ್ಲಿ ರೈತರ ಹೆಸರಿಲ್ಲ, ಊರಿಲ್ಲ, ಇರಬೇಕಾಗಿಯೂ ಇಲ್ಲ. ಆಧಾರ್‌ನಲ್ಲಿ ಒಂದು ರೀತಿ, ಪಹಣಿಯಲ್ಲಿ ಇನ್ನೊಂದು ರೀತಿ ಹೆಸರು ಬಿದ್ದು ರೈತರು ಕಚೇರಿ ಅಲೆಯುವುದನ್ನು ಕಂಡವರಿಗೆ, ಹೆಸರಿನ ಕಾಗುಣಿತದ ಮೇಲೆ ಗುರುತನ್ನು ನಿಲ್ಲಿಸುವುದರ ಸಂಕಟ ಗೊತ್ತಿದೆ.

ಇನ್ನು ಸ್ವಾಭಿಮಾನದ ಪ್ರಶ್ನೆ. ರಾಜ್ಯದ ಆಡಳಿತ ಭಾಷೆ ಕನ್ನಡ ಎಂಬ ಕಾನೂನು 1963ರಿಂದಲೂ ಇದೆ. ಯಂತ್ರದ ಒಳಗೆ ಮಾತ್ರ ಇಂಗ್ಲಿಷ್ ಅಕ್ಷರವೇ ಗತಿ ಎಂದರೆ ಅದು ಸೋಲಲ್ಲವೇ? ಇದಕ್ಕೆ ಮೊದಲ ಉತ್ತರವೆಂದರೆ, ಈ ಬಿಗಿ ನಿಯಮದಲ್ಲಿ ಇಂಗ್ಲಿಷೂ ಗೆದ್ದಿಲ್ಲ. ಇಂಗ್ಲಿಷಿನ ಹೆಸರುಗಳು ದೊಡ್ಡಕ್ಷರದಿಂದ ಶುರುವಾಗುತ್ತವೆ, ನಡುವೆ ಜಾಗ ಇರುತ್ತದೆ, ಐರಿಶ್ ಹೆಸರುಗಳಲ್ಲಿ ಮೇಲಿನ ಕೊಂಕು ಗುರುತು ಬರುತ್ತದೆ. ಅವ್ಯಾವುವೂ ಇಲ್ಲಿ ನಡೆಯುವುದಿಲ್ಲ. ಇಪ್ಪತ್ತಾರು ಸಣ್ಣಕ್ಷರಗಳ ಈ ಸಾಲು ಯಾವ ಭಾಷೆಯ ಹೆಸರನ್ನೂ ಪೂರ್ತಿ ಹಿಡಿಸಲಾರದು. ಎರಡನೆಯದು ಇನ್ನೂ ಮುಖ್ಯ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಬರಹ ಅಧಿಕೃತವಾಗಿ ಬದಲಾಯಿತು. ಬೆಂಗಳೂರು, ಮೈಸೂರು, ತುಮಕೂರುಗಳ ಕನ್ನಡ ಬರಹದಲ್ಲಿ ಒಂದಕ್ಷರವೂ ಅಲುಗಲಿಲ್ಲ, ಅಲುಗಿದ್ದು ಇಂಗ್ಲಿಷಿನದು. ಬ್ರಿಟಿಷರ ದಾಖಲೆಗಳಲ್ಲಿ ಚಿತ್ರದುರ್ಗ ‘ಚಿತಲ್‌ದ್ರೂಗ್’ ಆಗಿತ್ತು. ಹಾಗಾದರೆ ಕನ್ನಡದ ಕಾಗುಣಿತವೇ ಸ್ಥಿರ, ಅದನ್ನೇ ಗುರುತಾಗಿ ಬಳಸಿ ಎಂದು ಯಾರಾದರೂ ಹೇಳಿದರೆ ಮಾತಿಗೆ ತೂಕವಿದೆ. ಆದರೆ ಅದರಿಂದ ಹೊರಡುವ ಸರಿಯಾದ ತೀರ್ಮಾನ ಬೇರೆ. ಸ್ಥಿರವಾದ ಕನ್ನಡದ ಬರಹವನ್ನು ಜನರು ಓದುವ ಅಧಿಕೃತ ಹೆಸರಾಗಿ ಇಡಬೇಕು, ಯಂತ್ರದ ಹೆಸರಿನಲ್ಲಿ ಊರಿನ, ಹುದ್ದೆಯ, ವ್ಯಕ್ತಿಯ ಅರ್ಥವನ್ನೇ ತುಂಬಬಾರದು. ತಿಪ್ಪೇಸ್ವಾಮಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಟಿ’ ಮುಂದೆ ‘ಎಚ್’ ಬೇಕೋ, ಕೊನೆಗೆ ‘ವೈ’ ಬೇಕೋ ‘ಐ’ ಬೇಕೋ ಎಂಬ ಜಗಳ, ಆ ಅಕ್ಷರಗಳಲ್ಲಿ ಹೆಸರು ಹುಡುಕುವ ತನಕ ಮಾತ್ರ ಜಗಳ.

ಜನರು ಓದುವ ಆ ಹೆಸರಿಗೆ ಯುನಿಕ್ಸ್‌ನಲ್ಲಿ ಜಾಗ ಮೊದಲಿನಿಂದಲೂ ಇದೆ ಎಂಬುದನ್ನು ಹೆಚ್ಚಿನವರು ಗಮನಿಸಿಲ್ಲ. ಬಳಕೆದಾರರ ಸಾಲಿನ ಐದನೆಯ ಖಾನೆ ಅದು. ಬೆಲ್ ಲ್ಯಾಬ್ಸ್‌ನವರು ಮುದ್ರಣದ ಕೆಲಸವನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯ ದೊಡ್ಡ ಕಂಪ್ಯೂಟರಿಗೆ ಕಳಿಸುತ್ತಿದ್ದಾಗ ಅದರ ಗುರುತಿನ ಮಾಹಿತಿ ಇಡಲು ಮಾಡಿಕೊಂಡ ಖಾನೆ ಮುಂದೆ ಪೂರ್ಣ ಹೆಸರಿನ ಖಾನೆಯಾಯಿತು. ಲಿನಕ್ಸ್ ಡೆಸ್ಕ್‌ಟಾಪ್‌ನ ಲಾಗಿನ್ ಪರದೆಯಲ್ಲಿ ದೊಡ್ಡದಾಗಿ ಕಾಣುವ ಹೆಸರು ಬರುವುದು ಇಲ್ಲಿಂದಲೇ. ಇದರಲ್ಲಿ ಕನ್ನಡವನ್ನು ಇಂದೇ ಬರೆಯಬಹುದು, ಕಾಣದ ಸಂಕೇತವಿದ್ದರೂ, ಕೆಲವಕ್ಷರ ಹೆಚ್ಚಾದರೂ, ಯಾವ ಬಾಗಿಲೂ ತೆರೆದುಕೊಳ್ಳುವುದಿಲ್ಲ. ಏಕೆಂದರೆ ಈ ಖಾನೆಯನ್ನು ನಂಬಿ ವ್ಯವಸ್ಥೆ ಯಾರಿಗೂ ಅಧಿಕಾರ ಕೊಡುವುದಿಲ್ಲ. ಇಂಗ್ಲಿಷ್ ಅಕ್ಷರ ಓದಲಾಗದವರು ಲಾಗಿನ್ ಆಗುವುದು ಹೇಗೆ ಎಂಬ ಪ್ರಶ್ನೆಗೂ ದಾರಿ ಇಲ್ಲಿಂದಲೇ ತೆರೆಯುತ್ತದೆ. ಪರದೆಯ ಮೇಲೆ ಕನ್ನಡದ ಹೆಸರುಗಳ ಪಟ್ಟಿಯಿಂದ ತಮ್ಮದನ್ನು ಆರಿಸಿಕೊಳ್ಳಬಹುದು, ಬೆರಳಚ್ಚು ಕೊಡಬಹುದು, ಮೊಬೈಲ್ ಸಂಖ್ಯೆ ಒತ್ತಿ ಒಟಿಪಿ ಪಡೆಯಬಹುದು. ಕನ್ನಡದಲ್ಲೇ ಟೈಪ್ ಮಾಡಿದ ಹೆಸರನ್ನು ಹೊರಪದರದಲ್ಲಿ ಸ್ವೀಕರಿಸಿ, ನಿಶ್ಚಿತ ರೂಪಕ್ಕೆ ತಂದು, ಒಳಗಿನ ಗುರುತಿಗೆ ಜೋಡಿಸುವುದೂ ಕ್ಲಿಷ್ಟವಲ್ಲ. ಆ ಹೊರಪದರ ಒಂದೇ ಕಡೆ ಇರುವುದರಿಂದ ಅದನ್ನು ಪರೀಕ್ಷಿಸಬಹುದು, ತಿದ್ದಬಹುದು. ನೂರಾರು ಉಪಕರಣಗಳನ್ನು ತಿದ್ದುವ ಭಾರ ಇರುವುದಿಲ್ಲ.

ನಿಜವಾದ ಅನ್ಯಾಯ ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗಾಗಿ. ಯಂತ್ರದ ಹೆಸರಿಗೆಂದು ಹುಟ್ಟಿದ ಬಿಗಿ ನಿಯಮವನ್ನು ತಂತ್ರಾಂಶ ಬರೆಯುವವರು ಯೋಚನೆಯಿಲ್ಲದೆ ಮನುಷ್ಯರ ಹೆಸರಿನ ಖಾನೆಗೂ ಹಚ್ಚುತ್ತಾರೆ. ಅರ್ಜಿಯ ಪೂರ್ಣ ಹೆಸರಿನ ಜಾಗದಲ್ಲಿ ಕನ್ನಡ ಒತ್ತಿದರೆ ತಪ್ಪು ಅಕ್ಷರ ಎನ್ನುತ್ತದೆ. ಇನಿಷಿಯಲ್ ಮುಂದಿನ ಚುಕ್ಕಿಯನ್ನು ಒಪ್ಪುವುದಿಲ್ಲ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ಮಾಡಿ, ಎರಡನೆಯದನ್ನು ಖಾಲಿ ಬಿಟ್ಟರೆ ಮುಂದೆ ಹೋಗಗೊಡುವುದಿಲ್ಲ. ಈ ನಾಡಿನ ಹೆಸರುಗಳು ಆ ಅಚ್ಚಿನಲ್ಲಿ ಎರಕಗೊಂಡವಲ್ಲ. ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರ ‘ಎಸ್’ ಸಿದ್ದವನಹಳ್ಳಿ, ಅದು ಊರು. ಕಾದಂಬರಿಕಾರ ತ.ರಾ.ಸು. ಅವರ ಮೊದಲಕ್ಷರ ಚಳ್ಳಕೆರೆ ತಾಲ್ಲೂಕಿನ ತಳುಕು, ಎರಡನೆಯದು ತಂದೆ ರಾಮಸ್ವಾಮಯ್ಯ. ಇವರಿಬ್ಬರೂ ಇಂದು ಆನ್‌ಲೈನ್ ಅರ್ಜಿ ತುಂಬಬೇಕಾಗಿದ್ದರೆ ಕೊನೆಯ ಹೆಸರಿನ ಖಾನೆಯಲ್ಲಿ ಏನು ಬರೆಯಬೇಕಿತ್ತು? ಊರನ್ನು ಮನೆತನದ ಹೆಸರು ಮಾಡಬೇಕಿತ್ತೋ, ತಂದೆಯನ್ನು ಮಾಡಬೇಕಿತ್ತೋ? ಮನುಷ್ಯರ ಹೆಸರಿನ ಖಾನೆಯಲ್ಲಿ ಅಕ್ಷರಗಳನ್ನು ನಿಷೇಧಿಸಲು ಭದ್ರತೆಯ ಯಾವ ಕಾರಣವೂ ಇಲ್ಲ. ಒಂದೇ ಒಂದು ಖಾನೆಯಲ್ಲಿ ಹೆಸರು ಹೇಗೆ ಬರೆದುಕೊಳ್ಳುತ್ತಾರೋ ಹಾಗೆ ಬರೆಯಲು ಬಿಟ್ಟರೆ ಸಾಕು.

ಆದ್ದರಿಂದ ಸರ್ಕಾರದ ಇಲಾಖೆಗಳು, ವಿಶ್ವವಿದ್ಯಾಲಯಗಳು, ಸಹಕಾರ ಬ್ಯಾಂಕುಗಳು ತಂತ್ರಾಂಶಕ್ಕೆ ಟೆಂಡರ್ ಕರೆಯುವಾಗ ಎರಡು ಷರತ್ತುಗಳನ್ನು ಜೋಡಿಯಾಗಿ ಬರೆಯಬೇಕು, ಒಂದನ್ನು ಬಿಟ್ಟು ಒಂದನ್ನು ಬರೆಯಬಾರದು. ಒಳಗಿನ ಬಳಕೆದಾರ ಹೆಸರು ಸಣ್ಣಕ್ಷರದಿಂದ ಶುರುವಾಗಿ ಸಣ್ಣಕ್ಷರ, ಅಂಕಿ, ಅಂಡರ್‌ಸ್ಕೋರ್, ಹೈಫನ್‌ಗಳಲ್ಲೇ 32 ಬೈಟಿನೊಳಗೆ ಮುಗಿಯಬೇಕು. ಅದರಲ್ಲಿ ಊರು, ಜಾತಿ, ಹುದ್ದೆ, ಹುಟ್ಟಿದ ವರ್ಷ ಯಾವುದೂ ಇಣುಕಬಾರದು. ಒಬ್ಬರು ಕೆಲಸ ಬಿಟ್ಟ ಮೇಲೆ ಅದೇ ಹೆಸರನ್ನು ಇನ್ನೊಬ್ಬರಿಗೆ ಕೊಡಬಾರದು. ಪರದೆಯಲ್ಲಿ, ರಸೀದಿಯಲ್ಲಿ, ಆದೇಶದ ಪ್ರತಿಯಲ್ಲಿ, ಎಸ್‌ಎಂಎಸ್‌ನಲ್ಲಿ ಕಾಣುವ ಹೆಸರು ಆ ವ್ಯಕ್ತಿ ಬರೆದುಕೊಟ್ಟ ಕನ್ನಡದ ಹೆಸರೇ ಆಗಿರಬೇಕು. ಅದನ್ನು ಯುನಿಕೋಡ್‌ನ ಒಂದೇ ನಿಶ್ಚಿತ ರೂಪದಲ್ಲಿ ಇಡಬೇಕು. ಉದ್ದ, ಚುಕ್ಕಿ, ಇನಿಷಿಯಲ್, ಒತ್ತಕ್ಷರ ಯಾವುದರ ನೆಪದಲ್ಲೂ ಮೊಟಕು ಮಾಡಬಾರದು. ಮೊದಲ ಷರತ್ತನ್ನು ಎಂಜಿನಿಯರುಗಳು ತಾವಾಗಿಯೇ ಪಾಲಿಸುತ್ತಾರೆ, ಅದು ಅವರ ಅಭ್ಯಾಸ. ಎರಡನೆಯದನ್ನು ನಾವು ಕೇಳದೆ ಯಾರೂ ಮಾಡಿಕೊಡುವುದಿಲ್ಲ. ಯಂತ್ರದ ಖಾನೆಯಲ್ಲಿ ಕನ್ನಡ ಇಲ್ಲವೆಂದು ಕೂಗಾಡಿ ಶಕ್ತಿ ಕಳೆದುಕೊಂಡರೆ, ಕನ್ನಡ ಖಂಡಿತ ಇರಬೇಕಾದ ಖಾನೆಯಲ್ಲಿ ಅದು ಇಲ್ಲದಿರುವುದನ್ನು ಕೇಳುವವರು ಉಳಿಯುವುದಿಲ್ಲ. ತಂತ್ರಾಂಶವನ್ನು ಒಪ್ಪಿಸಿಕೊಳ್ಳುವ ಮುನ್ನ ಅಧಿಕಾರಿಗಳು ‘ತಿಪ್ಪೇರುದ್ರಸ್ವಾಮಿ’, ‘ರಾಜ್‌ಕುಮಾರ್’, ‘ತ.ರಾ.ಸು.’ ಎಂಬ ಮೂರು ಹೆಸರುಗಳನ್ನು ಅದರೊಳಗೆ ತುಂಬಿಸಿ, ಹೊರಬರುವ ರಸೀದಿಯನ್ನು ಓದಲಿ. ಮೂರೂ ಅಕ್ಷರ ತಪ್ಪದೆ ಬಂದರೆ ಬಿಲ್ ಪಾಸಾಗಲಿ, ಇಲ್ಲದಿದ್ದರೆ ತಿದ್ದಿಕೊಂಡು ಬರುವ ತನಕ ತಡೆದಿಡಲಿ.